ಸುದ್ದಿಯ ಧಾಟಿ ಇರುವುದು ಕ್ರಿಯಾಪದದಲ್ಲಿ

ಸಂಪಾದಕರೇ, ನಮಸ್ಕಾರ.

ಯಾವುದಾದರೂ ಸುದ್ದಿ ಒಂದು ಕಡೆಗೆ ವಾಲಿದೆ ಅನಿಸಿದಾಗ ನಾವು ಓದುಗರು ಮೊದಲು ಹುಡುಕುವುದು ವಿಶೇಷಣಗಳನ್ನು. ಧೀಮಂತ, ಕುಖ್ಯಾತ, ಭ್ರಷ್ಟ, ಜನಪ್ರಿಯ, ವಿವಾದಿತ. ಇವು ಕಣ್ಣಿಗೆ ಬೇಗ ಬೀಳುತ್ತವೆ. ಡೆಸ್ಕಿನಲ್ಲಿ ಕೂತವರಿಗೂ ಬೇಗ ಬೀಳುತ್ತವೆ, ಹಾಗಾಗಿ ಹೊಡೆದು ಹಾಕುವುದೂ ಸುಲಭ. ಅಷ್ಟು ಮಾಡಿದರೆ ಸುದ್ದಿ ಸರಿಹೋಯಿತು ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಆದರೆ ವಿಶೇಷಣ ಪೂರ್ತಿ ತೆಗೆದ ಮೇಲೂ ಬರಹಕ್ಕೆ ಒಂದು ಧಾಟಿ ಉಳಿದೇ ಇರುತ್ತದೆ. ನನ್ನ ಪ್ರಕಾರ ಓದುವವರ ಮನಸ್ಸನ್ನು ಜಾಸ್ತಿ ತಿರುಗಿಸುವುದು ಆ ಉಳಿದ ಭಾಗವೇ. ಅದು ಕ್ರಿಯಾಪದದಲ್ಲಿ ಇರುತ್ತದೆ, ಕ್ರಿಯಾಪದದ ತುದಿಗೆ ಅಂಟಿಕೊಂಡ ಪ್ರತ್ಯಯದಲ್ಲಿ ಇರುತ್ತದೆ, ‘ಮಾತ್ರ’, ‘ಕೇವಲ’, ‘ಅಂತೂ’ ಅನ್ನುವ ಚಿಕ್ಕ ಪದಗಳಲ್ಲಿ ಇರುತ್ತದೆ. ಅಲ್ಲಿಗೆ ಯಾರ ಪೆನ್ನೂ ಹೋಗುವುದಿಲ್ಲ. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು ಅನಿಸಿತು, ಪತ್ರ ಉದ್ದವಾದರೆ ದಯವಿಟ್ಟು ಪೂರ್ತಿ ಓದಿ.

ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಒಂದು ರಸ್ತೆ ಕೆಲಸ ಅರ್ಧಕ್ಕೆ ನಿಂತಿದೆ. ವರದಿಗಾರರು ಹೋಗಿ ಅಧಿಕಾರಿಯನ್ನು ಕೇಳುತ್ತಾರೆ. ಅಧಿಕಾರಿ ಹೇಳುವುದು ಎರಡೇ ಪದ: ‘ಹಣ ಬಂದಿಲ್ಲ.’ ಈಗ ಇದನ್ನು ಬರೆಯಬೇಕು. ‘ಹಣ ಬಂದಿಲ್ಲ ಎಂದು ಅಧಿಕಾರಿ ಹೇಳಿದರು’ ಅಂತ ಬರೆದರೆ ಅಲ್ಲಿಗೆ ಮುಗಿಯಿತು. ಅದು ನಿಜವೋ ಸುಳ್ಳೋ ಓದುವವರು ಯೋಚಿಸಿಕೊಳ್ಳುತ್ತಾರೆ. ‘ಹಣ ಬಂದಿಲ್ಲ ಎಂದು ಸ್ಪಷ್ಟಪಡಿಸಿದರು’ ಅಂದರೆ ವರದಿಗಾರರು ಆ ಮಾತಿಗೆ ಜಾಮೀನು ನಿಂತ ಹಾಗಾಯಿತು. ಸ್ಪಷ್ಟಪಡಿಸುವುದು ನಿಜವನ್ನೇ ತಾನೇ? ‘ಒಪ್ಪಿಕೊಂಡರು’ ಅಂದರೆ ಏನೋ ಮುಚ್ಚಿಟ್ಟಿದ್ದರು, ಕೇಳಿದ ಮೇಲೆ ಹೊರಬಂತು ಅನ್ನುವ ವಾಸನೆ. ‘ಅಳಲು ತೋಡಿಕೊಂಡರು’ ಅಂದರೆ ಅಯ್ಯೋ ಪಾಪ ಅನಿಸುತ್ತದೆ. ‘ಸಬೂಬು ಹೇಳಿದರು’, ‘ಜಾರಿಕೊಂಡರು’, ‘ನುಣುಚಿಕೊಂಡರು’ ಅಂದರೆ ವಿಚಾರಣೆ ಮುಗಿದು ತೀರ್ಪೂ ಆಯಿತು. ಹಣ ನಿಜವಾಗಿಯೂ ಬಂದಿತ್ತೋ ಇಲ್ಲವೋ ಅಂತ ಯಾರೂ ದಾಖಲೆ ತೆಗೆದು ನೋಡಿಲ್ಲ. ನೋಡಿ, ಇಷ್ಟರಲ್ಲಿ ಒಂದೇ ಒಂದು ವಿಶೇಷಣವಿಲ್ಲ. ಅಧಿಕಾರಿ ಆಡಿದ ಮಾತೂ ಬದಲಾಗಿಲ್ಲ.

ಇನ್ನೂ ಸಣ್ಣದು ಇದೆ. ‘ಹೇಳಿದರು’ ಮತ್ತು ‘ಹೇಳಿಕೊಂಡರು’. ನಡುವೆ ಒಂದು ‘ಕೊಳ್ಳು’ ಸೇರಿದೆ ಅಷ್ಟೇ. ಆದರೆ ‘ತಾನು ಪ್ರಾಮಾಣಿಕ ಎಂದು ಹೇಳಿಕೊಂಡರು’ ಅನ್ನುವಾಗ ಬರೆದವರಿಗೆ ನಂಬಿಕೆ ಇಲ್ಲ ಅನ್ನುವುದು ಯಾರಿಗಾದರೂ ಕೇಳಿಸುತ್ತದೆ. ‘ಹೇಳಿಬಿಟ್ಟರು’ ಅಂದರೆ ಹೇಳಬಾರದಿತ್ತು ಅನ್ನುವ ಅರ್ಥ. ‘ಹೇಳುತ್ತಲೇ ಬಂದಿದ್ದಾರೆ’ ಅಂದರೆ ಬೇಜಾರು. ‘ಹೇಳಿದರಂತೆ’ ಅಂದರೆ ನನಗೆ ಗೊತ್ತಿಲ್ಲಪ್ಪಾ. ಕನ್ನಡದ ಕ್ರಿಯಾಪದಕ್ಕೆ ಈ ಶಕ್ತಿ ಇದೆ. ಮಾತಾಡುವಾಗ ನಾವೆಲ್ಲ ಇದನ್ನು ಯೋಚಿಸದೇ ಬಳಸುತ್ತೇವೆ, ಮನೆಯಲ್ಲಿ ಅದರಿಂದ ಜಗಳವೂ ಆಗುತ್ತದೆ. ಅಚ್ಚಾಗುವ ಸುದ್ದಿಯಲ್ಲಿ ಯೋಚಿಸದೇ ಬಳಸಿದರೆ ಅದು ಎಷ್ಟೋ ಜನರ ತಲೆಯಲ್ಲಿ ಒಟ್ಟಿಗೇ ಹೋಗಿ ಕೂರುತ್ತದೆ.

ಇದು ಹೇಗೆ ಆಗುತ್ತದೆ ಅಂತ ಯೋಚಿಸಿದರೆ, ಹೆಚ್ಚಿನ ಸಲ ದುರುದ್ದೇಶ ಏನೂ ಇರುವುದಿಲ್ಲ ಅಂತಲೇ ನನಗನಿಸುತ್ತದೆ. ಒಂದು ಕಾರಣ ನಮ್ಮ ಶಾಲೆಯ ಪ್ರಬಂಧ ಪಾಠ. ಒಂದೇ ಪದವನ್ನು ಮತ್ತೆ ಮತ್ತೆ ಬಳಸಬೇಡಿ ಅಂತ ಮೇಷ್ಟ್ರು ಕಲಿಸಿರುತ್ತಾರೆ. ಹಾಗಾಗಿ ಒಂದು ಭಾಷಣದ ವರದಿ ಬರೆಯುವಾಗ ಮೊದಲ ಪ್ಯಾರಾದಲ್ಲಿ ‘ಹೇಳಿದರು’, ಎರಡನೆಯದರಲ್ಲಿ ‘ತಿಳಿಸಿದರು’, ಆಮೇಲೆ ‘ಅಭಿಪ್ರಾಯಪಟ್ಟರು’, ‘ನುಡಿದರು’, ‘ಪ್ರತಿಪಾದಿಸಿದರು’, ಕೊನೆಗೆ ಉಳಿದದ್ದು ‘ಕಿಡಿಕಾರಿದರು’. ಬರೆದವರಿಗೆ ಇದು ಬರೀ ವೈವಿಧ್ಯ. ಓದುವವರು ಹಾಗೆ ಓದುವುದಿಲ್ಲ, ಅವರು ಪದವನ್ನು ನಂಬುತ್ತಾರೆ. ಒಂದೇ ದನಿಯಲ್ಲಿ, ಕಾಗದ ನೋಡಿಕೊಂಡು ಓದಿದ ಭಾಷಣವೂ ಪತ್ರಿಕೆಯಲ್ಲಿ ಬರುವಷ್ಟರಲ್ಲಿ ಮೊದಲು ತಣ್ಣಗಿದ್ದು ಆಮೇಲೆ ಬಿಸಿಯಾಗಿ ಕೊನೆಗೆ ಸಿಟ್ಟಿನಲ್ಲಿ ಮುಗಿದ ಹಾಗೆ ಕಾಣುತ್ತದೆ. ಆ ಸಭೆಯಲ್ಲಿ ಇದ್ದವರು ಓದಿದರೆ ಇದು ಯಾವ ಸಭೆ ಅಂತ ಕೇಳಬೇಕು.

ಇನ್ನೊಂದು ಕಾರಣ ಜಾಗ. ತಲೆಬರಹಕ್ಕೆ ಎರಡು ಕಾಲಂ ಕೊಟ್ಟಿರುತ್ತಾರೆ, ಹೆಸರೇ ಅರ್ಧ ತಿಂದು ಹಾಕುತ್ತದೆ, ಉಳಿದ ಜಾಗಕ್ಕೆ ‘ಕಿಡಿ’, ‘ಗರಂ’, ‘ಟಾಂಗ್’, ‘ಗುಡುಗು’, ‘ಚಾಟಿ’ ಸರಿಯಾಗಿ ಕೂರುತ್ತವೆ. ಅರ್ಥವಾಗುತ್ತದೆ. ಆದರೆ ‘ಟೀಕೆ’ಯೂ ಎರಡೇ ಅಕ್ಷರ, ‘ಆರೋಪ’ ಮೂರು ಅಕ್ಷರ, ‘ಆಕ್ಷೇಪ’ವೂ ಮೂರೇ. ಜಾಗದ ಕಷ್ಟ ಇದ್ದರೂ ಇವು ಹಿಡಿಸುತ್ತವೆ. ದಿನವೂ ಎಲ್ಲರೂ ಎಲ್ಲರ ಮೇಲೂ ಗುಡುಗುತ್ತಿದ್ದರೆ, ಯಾರಾದರೂ ನಿಜವಾಗಿ ಸಿಟ್ಟಿಗೆದ್ದು ಮೇಜು ಕುಟ್ಟಿ ಎದ್ದು ಹೋದ ದಿನ ಏನಂತ ಬರೆಯುತ್ತೀರಿ? ಆ ದಿನಕ್ಕೆ ಪದವೇ ಉಳಿದಿರುವುದಿಲ್ಲ. ಜೋರಾದ ಪದವನ್ನು ಸಣ್ಣ ವಿಷಯಕ್ಕೆ ಖರ್ಚು ಮಾಡಿದರೆ ಆಗುವ ನಷ್ಟ ಇದು. ಜೊತೆಗೆ ಸಾರ್ವಜನಿಕ ಜೀವನ ಅಂದರೆ ಬರೀ ಕಚ್ಚಾಟ ಅನ್ನುವ ಭಾವನೆ ಓದುಗರಲ್ಲಿ ಬೆಳೆಯುತ್ತದೆ. ಅದರಲ್ಲಿ ಎಷ್ಟು ಭಾಗ ನಿಜವಾದ ಕಚ್ಚಾಟ, ಎಷ್ಟು ಭಾಗ ಕ್ರಿಯಾಪದದ್ದು ಅಂತ ಬೇರೆ ಮಾಡಿ ನೋಡಲು ಓದುಗರಿಗೆ ದಾರಿಯೇ ಇಲ್ಲ.

ಒಂದು ಕ್ರಿಯಾಪದಕ್ಕೆ ಅಷ್ಟೆಲ್ಲ ಬಲ ಇದೆಯಾ ಅಂತ ಕೇಳಬಹುದು. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿಕ್ಕ ಚಿಕ್ಕ ಫಿಲಂ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಎಲ್ಲರೂ ನೋಡಿದ್ದು ಅದೇ ಫಿಲಂ. ಪ್ರಶ್ನೆಯಲ್ಲಿ ಒಂದು ಕ್ರಿಯಾಪದ ಮಾತ್ರ ಗುಂಪಿನಿಂದ ಗುಂಪಿಗೆ ಬೇರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕೆಲವರಿಗೆ ‘ಒಂದಕ್ಕೊಂದು ಅಪ್ಪಳಿಸಿದಾಗ’ ಅಂತ ಕೇಳಿದರು, ಕೆಲವರಿಗೆ ‘ಗುದ್ದಿದಾಗ’, ಇನ್ನು ಕೆಲವರಿಗೆ ‘ತಾಗಿದಾಗ’. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ಕೊಟ್ಟ ವೇಗದ ಸರಾಸರಿ ಗಂಟೆಗೆ 40.5 ಮೈಲಿ. ತಾಗಿದಾಗ ಅಂತ ಕೇಳಿಸಿಕೊಂಡವರದ್ದು 31.8 ಮೈಲಿ. ಕಿಲೋಮೀಟರಿನಲ್ಲಿ ಹೇಳಿದರೆ ಸುಮಾರು 65 ಮತ್ತು 51. ಒಂದು ಪದ ಬದಲಾಗಿದ್ದಕ್ಕೆ ಕಾರಿನ ವೇಗವೇ ಬದಲಾಯಿತು!

ಅದೇ ಪ್ರಯೋಗದ ಎರಡನೇ ಭಾಗ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಈ ಸಲ 150 ವಿದ್ಯಾರ್ಥಿಗಳು, ಐವತ್ತರಂತೆ ಮೂರು ಗುಂಪು. ಫಿಲಂ ತೋರಿಸಿ ಒಂದು ವಾರ ಬಿಟ್ಟು ಕರೆದು, ‘ಒಡೆದ ಗಾಜು ಕಂಡಿತ್ತಾ’ ಅಂತ ಕೇಳಿದರು. ಫಿಲಂನಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ ‘ಅಪ್ಪಳಿಸಿದಾಗ’ ಅಂತ ಮೊದಲು ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಮಂದಿ ಕಂಡಿತ್ತು ಅಂದರು. ‘ಗುದ್ದಿದಾಗ’ ಅಂತ ಕೇಳಿಸಿಕೊಂಡವರಲ್ಲಿ 7 ಮಂದಿ. ವೇಗದ ಪ್ರಶ್ನೆಯನ್ನೇ ಕೇಳದಿದ್ದ ಗುಂಪಿನಲ್ಲಿ 6 ಮಂದಿ. ಅಂದರೆ ಪದವು ಆ ಕ್ಷಣದ ಅಂದಾಜನ್ನು ಮಾತ್ರ ಕೆಡಿಸಲಿಲ್ಲ, ಒಂದು ವಾರ ಒಳಗೇ ಕೂತು ನೆನಪಿಗೂ ಕೈ ಹಾಕಿತು. ಇವರು ಘಟನೆಯನ್ನು ಕಣ್ಣಾರೆ ನೋಡಿದವರು. ಪತ್ರಿಕೆ ಓದುವ ನಾವು ಘಟನೆಯನ್ನು ನೋಡಿಯೇ ಇರುವುದಿಲ್ಲ. ನಮಗೆ ಸಿಗುವುದು ನಿಮ್ಮ ಕ್ರಿಯಾಪದ ಒಂದೇ.

ಅಂಕಿಗೂ ಧಾಟಿ ಇರುತ್ತದೆ. 1981ರಲ್ಲಿ ಟ್ವೆರ್ಸ್ಕಿ ಮತ್ತು ಕಾನಮನ್ ಎಂಬ ಮನಶ್ಶಾಸ್ತ್ರಜ್ಞರು ಜನರ ಮುಂದೆ ಒಂದು ಊಹೆಯ ರೋಗ ಇಟ್ಟರು, 600 ಜನ ಸಾಯುವ ಅಂದಾಜು. ಎರಡು ಯೋಜನೆ ಇವೆ, ಒಂದರ ಫಲಿತಾಂಶ ಖಚಿತ, ಇನ್ನೊಂದು ಅದೃಷ್ಟ ಪರೀಕ್ಷೆ, ಯಾವುದನ್ನು ಆರಿಸುತ್ತೀರಿ ಅಂತ ಕೇಳಿದರು. ಖಚಿತ ಯೋಜನೆಯನ್ನು ‘200 ಜನ ಉಳಿಯುತ್ತಾರೆ’ ಅಂತ ಹೇಳಿದಾಗ ಶೇ 72ರಷ್ಟು ಜನ ಅದನ್ನು ಆರಿಸಿದರು. ಇನ್ನೊಂದು ಗುಂಪಿಗೆ ಅದನ್ನೇ ‘400 ಜನ ಸಾಯುತ್ತಾರೆ’ ಅಂತ ಹೇಳಿದಾಗ ಆರಿಸಿದ್ದು ಶೇ 22 ಮಾತ್ರ. ಲೆಕ್ಕ ಎರಡೂ ಕಡೆ ಒಂದೇ.

ಈಗ ಕನ್ನಡದ್ದೇ ಆದ ಒಂದು ವಿಷಯಕ್ಕೆ ಬರುತ್ತೇನೆ. ಒಬ್ಬ ಮನುಷ್ಯನ ಬಗ್ಗೆ ಕನ್ನಡದಲ್ಲಿ ಒಂದು ವಾಕ್ಯ ಮುಗಿಸಬೇಕಾದರೆ ಹೆಚ್ಚಿನ ಸಲ ಗೌರವ ಕೊಡುವುದೋ ಬಿಡುವುದೋ ಅನ್ನುವುದನ್ನು ತೀರ್ಮಾನ ಮಾಡಲೇಬೇಕು. ಬಂದ, ಬಂದಳು, ಬಂದರು. ಇದರಿಂದ ತಪ್ಪಿಸಿಕೊಳ್ಳಲು ದಾರಿ ಕಡಿಮೆ. ಇಂಥ ಒಂದು ವರದಿ ಇಟ್ಟುಕೊಳ್ಳಿ: ‘ಸೈಕಲ್‌ನಲ್ಲಿ ಕೂಲಿಗೆ ಹೋಗುತ್ತಿದ್ದ ವ್ಯಕ್ತಿ ಸ್ಥಳದಲ್ಲೇ ಮೃತಪಟ್ಟಿದ್ದಾನೆ. ಕಾರಿನಲ್ಲಿದ್ದ ಉದ್ಯಮಿ ಸಣ್ಣಪುಟ್ಟ ಗಾಯಗಳಿಂದ ಪಾರಾಗಿದ್ದಾರೆ.’ ಸತ್ತವನು ‘ದ್ದಾನೆ’, ಬದುಕಿದವರು ‘ದ್ದಾರೆ’. ಇಬ್ಬರ ವಯಸ್ಸೂ ಐವತ್ತು ಅಂತಿಟ್ಟುಕೊಳ್ಳೋಣ. ಯಾರ ತಪ್ಪು ಅಂತ ಇನ್ನೂ ಗೊತ್ತಾಗಿಲ್ಲ. ಆದರೂ ಒಂದು ಪ್ರತ್ಯಯ ಇಬ್ಬರನ್ನೂ ಬೇರೆ ಬೇರೆ ಮೆಟ್ಟಿಲ ಮೇಲೆ ನಿಲ್ಲಿಸಿತು. ಸತ್ತವರ ಮನೆಯವರು ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ ಅನ್ನುವುದನ್ನು ಡೆಸ್ಕಿನವರು ಒಮ್ಮೆ ನೆನೆಯಬೇಕು.

ಸಾವಿನ ಪದಗಳನ್ನೇ ಸಾಲಾಗಿ ಇಟ್ಟು ನೋಡಿ. ಸತ್ತರು, ತೀರಿಕೊಂಡರು, ಮೃತಪಟ್ಟರು, ನಿಧನರಾದರು, ಅಸುನೀಗಿದರು, ಕೊನೆಯುಸಿರೆಳೆದರು, ಬಲಿಯಾದರು, ಹತರಾದರು, ವಿಧಿವಶರಾದರು. ಇವುಗಳಲ್ಲಿ ಯಾವುದು ಯಾರಿಗೆ ಅನ್ನುವುದು ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಹೆಸರಾದವರು ನಿಧನರಾಗುತ್ತಾರೆ. ಹೆಸರಿಲ್ಲದವರದ್ದು ಸಾವು. ‘ಬಲಿ’ ಅಂದರೆ ಇನ್ಯಾರದ್ದೋ ತಪ್ಪು ಇದೆ. ‘ವಿಧಿವಶ’ ಅಂದರೆ ಯಾರದ್ದೂ ತಪ್ಪಿಲ್ಲ. ಸೇತುವೆ ಕುಸಿದು ಹತ್ತು ಜನ ಹೋದರೆ ಅವರು ಬಲಿಯಾದರೋ ವಿಧಿವಶರಾದರೋ ಅನ್ನುವುದು ದೊಡ್ಡ ಪ್ರಶ್ನೆ, ಯಾಕಂದರೆ ಒಂದು ಪದ ಗುತ್ತಿಗೆದಾರನ ಕಡೆ ಬೆರಳು ತೋರಿಸುತ್ತದೆ, ಇನ್ನೊಂದು ಆಕಾಶದ ಕಡೆ. ತನಿಖೆ ಮುಗಿಯುವ ತನಕ ‘ಮೃತಪಟ್ಟರು’ ಸಾಕು. ಎಲ್ಲರಿಗೂ ಅದೇ ಸಾಕು.

ಆಡುಮಾತಿನ ವಿಷಯವೂ ಇದಕ್ಕೆ ಸೇರಿದ್ದು. ರೈತರನ್ನೋ ಕಾರ್ಮಿಕರನ್ನೋ ಮಾತಾಡಿಸಿದಾಗ ಅವರ ಮಾತನ್ನು ಇದ್ದ ಹಾಗೇ, ‘ನಾವೇನ್ ಮಾಡಾಣ ಸಾಮಿ’ ಅಂತ ಅಚ್ಚು ಹಾಕುತ್ತೀರಿ. ಪಕ್ಕದಲ್ಲೇ ಮಂತ್ರಿಯ ಮಾತು ಶುದ್ಧ ಗ್ರಂಥಸ್ಥ ಕನ್ನಡದಲ್ಲಿ ಬರುತ್ತದೆ. ಮಂತ್ರಿಯೂ ಮನೆ ಮಾತಿನಲ್ಲೇ ಮಾತಾಡಿರುತ್ತಾರೆ, ಅವರದ್ದನ್ನು ತಿದ್ದಿ ಕೊಡುತ್ತೀರಿ, ಇವರದ್ದನ್ನು ಬಿಡುತ್ತೀರಿ. ಆಡುಮಾತು ಚೆಂದ, ಅದು ಪತ್ರಿಕೆಗೆ ಬರಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಬಂದರೆ ಇಬ್ಬರದ್ದೂ ಬರಲಿ ಅನ್ನುವುದಷ್ಟೇ ನನ್ನ ಮಾತು.

ಅಪರಾಧದ ಸುದ್ದಿಗಳಲ್ಲಿ ಪದದ ಆಯ್ಕೆ ಇನ್ನೂ ಹೆಚ್ಚು ನೋವು ಕೊಡುತ್ತದೆ. ಒಬ್ಬ ಹುಡುಗಿ ಬೇಡ ಅಂದಳು ಅಂತ ಒಬ್ಬ ಚೂರಿ ಹಾಕುತ್ತಾನೆ. ತಲೆಬರಹ ಬರುವುದು ‘ಭಗ್ನಪ್ರೇಮಿಯಿಂದ ಯುವತಿಗೆ ಇರಿತ’. ಅವನನ್ನು ಪ್ರೇಮಿ ಅಂತ ಕರೆದದ್ದು ಯಾರು? ಆ ಹುಡುಗಿ ಅಲ್ಲ. ಪೊಲೀಸರ ದೂರಿನಲ್ಲೂ ಅವನು ಆರೋಪಿ. ಪ್ರೇಮಿ ಅನ್ನುವ ಪದದ ಸುತ್ತ ನಮ್ಮಲ್ಲಿ ಕಥೆ, ಹಾಡು, ಕಣ್ಣೀರು ಎಲ್ಲ ತುಂಬಿಕೊಂಡಿದೆ. ಅದರ ಮುಂದೆ ‘ಭಗ್ನ’ ಸೇರಿದರೆ ಒಡೆದ ಹೃದಯ ಅವನದ್ದು ಅನ್ನುವ ಅರ್ಥ ಬರುತ್ತದೆ. ಗಾಯವಾದದ್ದು ಅವಳಿಗೆ. ‘ಹಿಂಬಾಲಿಸುತ್ತಿದ್ದ ವ್ಯಕ್ತಿಯಿಂದ ಯುವತಿಗೆ ಇರಿತ’ ಅಂತ ಬರೆಯಬಹುದಲ್ವಾ? ಸ್ವಲ್ಪ ಉದ್ದ ಆಗುತ್ತದೆ ನಿಜ. ಜಾಗ ಇಲ್ಲದಿದ್ದರೆ ‘ಯುವತಿಗೆ ಚೂರಿ ಇರಿತ’ ಅಂತ ಬಿಟ್ಟುಬಿಡಿ.

‘ಅಕ್ರಮ ಸಂಬಂಧ’ ಇನ್ನೊಂದು. ಮದುವೆಯಾಚೆಗಿನ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಭಾರತೀಯ ದಂಡಸಂಹಿತೆಯ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿತು. ಅದಾದ ಮೇಲೂ ತಲೆಬರಹಗಳಲ್ಲಿ ಅದು ‘ಅಕ್ರಮ’ವಾಗಿಯೇ ಉಳಿದಿದೆ. ಮನೆಯವರಿಗೆ ಅದರಿಂದ ನೋವಾಗಿರಬಹುದು, ಸಂಸಾರ ಮುರಿದಿರಬಹುದು, ಅದು ಬೇರೆ ಮಾತು. ಅಕ್ರಮ ಅನ್ನುವುದು ಕಾನೂನಿನ ಪದ. ಕಾನೂನು ಬಿಟ್ಟ ಮೇಲೆ ಪತ್ರಿಕೆ ಯಾಕೆ ಹಿಡಿದುಕೊಳ್ಳಬೇಕು? ಹಾಗೆಯೇ ಕೋರ್ಟಿಗೆ ಇನ್ನೂ ಹೋಗದ ಆರೋಪಿಗಳನ್ನು ‘ಖದೀಮರು’, ‘ಕಿರಾತಕರು’ ಅನ್ನುವುದು. ಬಿಡುಗಡೆಯಾಗಿ ಮನೆಗೆ ಬಂದವರಿಗೆ ಆ ಪದ ವಾಪಸು ತೆಗೆದುಕೊಳ್ಳುತ್ತೇವೆ ಅಂತ ಯಾವ ಪತ್ರಿಕೆ ಬರೆಯುತ್ತದೆ?

ಮೆದು ಪದಗಳೂ ಅಷ್ಟೇ ಕೆಲಸ ಮಾಡುತ್ತವೆ, ಸದ್ದಿಲ್ಲದೆ. ‘ಲಘು ಲಾಠಿ ಪ್ರಹಾರ ನಡೆಸಲಾಯಿತು.’ ಈ ವಾಕ್ಯವನ್ನು ನಾವೆಲ್ಲ ಎಷ್ಟು ಸಲ ಓದಿದ್ದೇವೆ ಅಂದರೆ ಅದರಲ್ಲಿ ಏನಿದೆ ಅಂತ ನೋಡುವುದೇ ಬಿಟ್ಟಿದ್ದೇವೆ. ಲಘು ಅಂತ ಅಳೆದವರು ಯಾರು? ಹೊಡೆದವರೋ, ಹೊಡೆಸಿಕೊಂಡವರೋ? ‘ಪ್ರಹಾರ’ ಅನ್ನುವ ಸಂಸ್ಕೃತ ಪದ ಬಂದ ತಕ್ಷಣ ಏಟಿನ ಸದ್ದು ಕಡಿಮೆಯಾಗುತ್ತದೆ. ‘ನಡೆಸಲಾಯಿತು’ ಅಂದಾಗ ನಡೆಸಿದವರು ವಾಕ್ಯದಿಂದಲೇ ಹೊರಗೆ ಹೋಗುತ್ತಾರೆ. ‘ಪೊಲೀಸರು ಲಾಠಿಯಿಂದ ಹೊಡೆದರು. ಆರು ಜನ ಆಸ್ಪತ್ರೆ ಸೇರಿದ್ದಾರೆ’ ಅಂತ ಬರೆದರೆ ಅದು ಪೊಲೀಸರ ವಿರುದ್ಧದ ಬರಹ ಆಗುವುದಿಲ್ಲ. ಗುಂಪು ಕಲ್ಲು ತೂರಿದ್ದರೆ ಅದನ್ನೂ ಅಷ್ಟೇ ನೇರವಾಗಿ, ಯಾರು ತೂರಿದರು ಅಂತ ಬರೆಯಿರಿ. ದರ ಏರಿಸಿದಾಗ ಇಲಾಖೆಯವರು ‘ಪರಿಷ್ಕರಣೆ’ ಅಂತ ಪ್ರಕಟಣೆ ಕೊಡುತ್ತಾರೆ, ಅವರು ಕೊಡುವುದು ಸಹಜ. ಪತ್ರಿಕೆ ಅದನ್ನೇ ಎತ್ತಿ ಹಾಕಬೇಕಾಗಿಲ್ಲ. ಏರಿಕೆ ಆದರೆ ಏರಿಕೆ, ಇಳಿಕೆ ಆದರೆ ಇಳಿಕೆ.

ಇದೆಲ್ಲ ಇತ್ತೀಚಿನ ಸೂಕ್ಷ್ಮ, ಹೊಸ ಕಾಲದವರ ತಕರಾರು ಅಂತ ಯಾರಾದರೂ ಅಂದರೆ ಅವರಿಗೆ ಕುಂತಕನನ್ನು ತೋರಿಸಬೇಕು. ಸುಮಾರು ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿದ್ದ ಈ ಕಾವ್ಯಮೀಮಾಂಸಕ ‘ವಕ್ರೋಕ್ತಿಜೀವಿತ’ದಲ್ಲಿ, ಒಂದೇ ಅರ್ಥಕ್ಕೆ ಬೇರೆ ಪದಗಳು ಎಷ್ಟೇ ಇದ್ದರೂ, ಹೇಳಬೇಕಾದ್ದನ್ನು ಹೇಳಬಲ್ಲ ಆ ಒಂದು ಪದವೇ ಕಾವ್ಯದಲ್ಲಿ ‘ಶಬ್ದ’ ಅನಿಸಿಕೊಳ್ಳುತ್ತದೆ ಅಂತ ಹೇಳುತ್ತಾನೆ. ಅದಕ್ಕೆ ಅವನು ಎತ್ತಿಕೊಳ್ಳುವ ಉದಾಹರಣೆಗಳಲ್ಲಿ ಒಂದು ಕಾಳಿದಾಸನ ಕುಮಾರಸಂಭವದ ಐದನೇ ಸರ್ಗದ್ದು. ಪಾರ್ವತಿ ಶಿವನಿಗಾಗಿ ತಪಸ್ಸು ಮಾಡುತ್ತಿದ್ದಾಳೆ. ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವ ತನ್ನನ್ನೇ ತಾನು ಹೀಗಳೆದು ಅವಳ ಮನಸ್ಸು ಪರೀಕ್ಷೆ ಮಾಡುತ್ತಾನೆ. ಅವನನ್ನು ಸೇರಬೇಕು ಅಂತ ಬೇಡಿಕೊಂಡು ಈಗ ಎರಡು ವಸ್ತು ಮರುಕಕ್ಕೆ ಗುರಿಯಾದವು, ಒಂದು ಚಂದ್ರನ ಕಲೆ, ಇನ್ನೊಂದು ನೀನು ಅನ್ನುತ್ತಾನೆ. ಅಲ್ಲಿ ಶಿವನಿಗೆ ಬಳಸಿದ ಹೆಸರು ‘ಕಪಾಲಿ’, ತಲೆಬುರುಡೆ ಹಿಡಿದವನು.

ಶಿವನಿಗೆ ಹೆಸರುಗಳಿಗೇನು ಬರವೇ? ‘ಪಿನಾಕಿ’ ಅಂದರೂ ಅವನೇ, ಪಿನಾಕ ಎಂಬ ಬಿಲ್ಲು ಹಿಡಿದವನು. ಎರಡು ಪದಕ್ಕೂ ಲಘು ಗುರುಗಳ ಲೆಕ್ಕ ಒಂದೇ, ಆ ಜಾಗದಲ್ಲಿ ಪಿನಾಕಿ ಅಂತ ಇಟ್ಟರೂ ಛಂದಸ್ಸು ಕೆಡುವುದಿಲ್ಲ. ಹಾಗಾಗಿ ಪದ್ಯಕ್ಕೆ ಹೊಂದಲಿ ಅಂತ ಸುಮ್ನೆ ಹಾಕಿದ್ದು ಅನ್ನಲು ಬರುವುದಿಲ್ಲ. ಪಿನಾಕಿ ಅಂದರೆ ವೀರ ಕಾಣುತ್ತಾನೆ, ಅವನನ್ನು ಬಯಸುವುದರಲ್ಲಿ ಮರುಕಪಡಲು ಏನಿದೆ? ಕಪಾಲಿ ಅಂದ ಕೂಡಲೇ ಮೈ ಜುಂ ಅನ್ನುತ್ತದೆ, ಮಾತಿನಲ್ಲಿರುವ ಹೀಗಳಿಕೆ ಪೂರ್ತಿ ಆ ಹೆಸರಿನಿಂದಲೇ ಹುಟ್ಟುತ್ತದೆ. ಕುಂತಕ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ‘ಈಗ’ ಅನ್ನುವ ಪದವನ್ನೂ ‘ಎರಡು’ ಅನ್ನುವ ಪದವನ್ನೂ ಹಿಡಿದು ನೋಡುತ್ತಾನೆ. ಮೊದಲು ಚಂದ್ರಕಲೆ ಒಂದೇ ಇತ್ತು, ಈಗ ನೀನೂ ಸೇರಿದೆ ಅನ್ನುವ ಚುಚ್ಚು ಅಲ್ಲಿದೆ. ‘ಬೇಡಿಕೊಂಡು’ ಅನ್ನುವುದನ್ನೂ ಬಿಡುವುದಿಲ್ಲ. ಅಕಸ್ಮಾತ್ ಸೇರಿದ್ದರೆ ಅದು ಅಷ್ಟು ನಿಂದೆಗೆ ಈಡಾಗುತ್ತಿರಲಿಲ್ಲ, ತಾನಾಗಿ ಬೇಡಿದ್ದು ಅನ್ನುವುದೇ ತಿವಿಯುವ ಮಾತು. ಈಗ, ಎರಡು, ಬೇಡು. ಮೂರೂ ಎಷ್ಟು ಸಾಧಾರಣ ಪದಗಳು ನೋಡಿ! ಇವುಗಳಲ್ಲಿ ಬಣ್ಣದ ವಿಶೇಷಣ ಒಂದೂ ಇಲ್ಲ.

ಕವಿ ಇದನ್ನು ತಿಳಿದೇ ಮಾಡುತ್ತಾನೆ. ಅಲ್ಲಿ ಮಾತಾಡುತ್ತಿರುವ ಪಾತ್ರಕ್ಕೆ ಹೀಗಳೆಯುವ ಉದ್ದೇಶವಿದೆ, ಆದ್ದರಿಂದ ಕಪಾಲಿ ಸರಿಯಾದ ಪದ. ಸುದ್ದಿ ಬರೆಯುವವರು ದಿನವೂ ಕಪಾಲಿ, ಪಿನಾಕಿಗಳ ನಡುವೆ ಒಂದನ್ನು ಆರಿಸುತ್ತಿರುತ್ತಾರೆ, ಆರಿಸುತ್ತಿದ್ದೇವೆ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಹೀಗೆ ಎಲ್ಲ ಪದಕ್ಕೂ ಹೆದರಿ ಬರೆದರೆ ಪತ್ರಿಕೆ ಸಪ್ಪೆಯಾಗುತ್ತದೆ, ಯಾರೂ ಓದುವುದಿಲ್ಲ ಅನ್ನುವ ವಾದ ಬರುತ್ತದೆ ಅಂತ ನನಗೆ ಗೊತ್ತು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನನಗೂ ಖಾರವಾದ ಬರಹ ಇಷ್ಟ. ಸಂಪಾದಕೀಯದಲ್ಲಿ, ಅಂಕಣದಲ್ಲಿ, ಓದುಗರ ಪತ್ರದಲ್ಲಿ ಯಾರಾದರೂ ತಮ್ಮ ಹೆಸರು ಹಾಕಿ ‘ಇದು ಜಾರಿಕೊಳ್ಳುವ ಉತ್ತರ’ ಅಂತ ಬರೆದರೆ ಸಂತೋಷದಿಂದ ಓದುತ್ತೇನೆ, ಯಾಕಂದರೆ ಅದು ಅವರ ತೀರ್ಪು ಅಂತ ನನಗೆ ಗೊತ್ತಿರುತ್ತದೆ, ಬೇಕಾದರೆ ಜಗಳ ಆಡಬಹುದು. ಸುದ್ದಿಯಲ್ಲಿ ಅದೇ ಪದ ಬಂದರೆ ಯಾರ ಜೊತೆ ಜಗಳ ಆಡಬೇಕು? ಅಲ್ಲಿ ಅದು ಘಟನೆಯ ಭಾಗವಾಗಿ ಬಂದಿರುತ್ತದೆ.

ಸರಳ ಪದ ಸಪ್ಪೆ ಅನ್ನುವುದೂ ನಿಜವಲ್ಲ. ‘ಅಧಿಕಾರಿ ಉತ್ತರಿಸದೆ ಕಾರು ಹತ್ತಿದರು’ ಅನ್ನುವುದು ‘ಅಧಿಕಾರಿ ನುಣುಚಿಕೊಂಡರು’ ಅನ್ನುವುದಕ್ಕಿಂತ ನನಗೆ ಹೆಚ್ಚು ಜೀವಂತವಾಗಿ ಕಾಣುತ್ತದೆ. ಕಾರು ಕಾಣುತ್ತದೆ, ಬಾಗಿಲು ಮುಚ್ಚಿದ್ದು ಕಾಣುತ್ತದೆ. ಏನಾಯಿತು ಅನ್ನುವುದನ್ನು ಬರೆದರೆ ಓದುವವರಿಗೆ ಏನನಿಸಬೇಕೋ ಅದು ತಾನಾಗಿ ಅನಿಸುತ್ತದೆ. ಅದಕ್ಕೆ ವರದಿಗಾರರು ಸ್ಥಳದಲ್ಲಿ ನಿಂತು ನೋಡಿರಬೇಕು, ಅದು ಕಷ್ಟದ ಕೆಲಸ. ‘ನುಣುಚಿಕೊಂಡರು’ ಅಂತ ಕೂತಲ್ಲಿಂದಲೇ ಬರೆಯಬಹುದು.

ಹಾಗಾಗಿ ಮೂರು ಮಾತು ಕೇಳಿಕೊಳ್ಳುತ್ತೇನೆ. ಸುದ್ದಿಯಲ್ಲಿ ಯಾರ ಮಾತನ್ನು ಬರೆದರೂ ‘ಹೇಳಿದರು’ ಅಥವಾ ‘ಎಂದರು’ ಇರಲಿ, ಹತ್ತು ಸಲ ಬಂದರೂ ಪರವಾಗಿಲ್ಲ, ಓದುವವರ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ಬೇರೆ ಕ್ರಿಯಾಪದ ಬೇಕಾದರೆ ಅದಕ್ಕೆ ಸುದ್ದಿಯೊಳಗೆ ಆಧಾರ ಇರಬೇಕು. ಎರಡನೆಯದು, ವಯಸ್ಸಿನಲ್ಲಿ ದೊಡ್ಡವರಾದ ಎಲ್ಲರಿಗೂ, ಸತ್ತವರಿಗೆ, ಗಾಯಗೊಂಡವರಿಗೆ, ಬಂಧನವಾದವರಿಗೆ, ಮಂತ್ರಿಗೆ, ಕೂಲಿಯವರಿಗೆ ಒಂದೇ ಬಹುವಚನ ಇರಲಿ. ಮಕ್ಕಳ ವಿಷಯ ಬೇರೆ, ಅಲ್ಲಿ ಏಕವಚನ ಪ್ರೀತಿಯದ್ದು. ಮೂರನೆಯದು, ಪದಗಳ ಬಗ್ಗೆ ನಿಮ್ಮ ಡೆಸ್ಕಿನಲ್ಲಿ ಏನಾದರೂ ನಿಯಮ ಇದ್ದರೆ ಅದನ್ನು ಓದುಗರ ಮುಂದೆ ಅಚ್ಚು ಹಾಕಿ, ಇಲ್ಲದಿದ್ದರೆ ಒಂದು ಮಾಡಿ. ಬೇರೆ ಕಡೆ ಮಾಡಿದ್ದಾರೆ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2013ರಲ್ಲಿ ‘ಅಕ್ರಮ’ ಅನ್ನುವ ಪದವನ್ನು ಕೃತ್ಯಕ್ಕೆ ಬಳಸಿ, ಮನುಷ್ಯರಿಗೆ ಬಳಸಬೇಡಿ ಅಂತ ವಲಸೆಗಾರರ ಸುದ್ದಿಗೆ ನಿಯಮ ಮಾಡಿ ಜಾಹೀರು ಮಾಡಿತು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2019ರಲ್ಲಿ ‘ಹವಾಮಾನ ಬದಲಾವಣೆ’ಗಿಂತ ‘ಹವಾಮಾನ ಬಿಕ್ಕಟ್ಟು’, ‘ಹವಾಮಾನ ತುರ್ತುಸ್ಥಿತಿ’ ಅನ್ನುವ ಪದಗಳನ್ನು ಬಳಸುತ್ತೇವೆ ಅಂತ ಹೇಳಿಯೇ ಬಳಸಲು ಶುರು ಮಾಡಿತು. ಗಾರ್ಡಿಯನ್ ಮಾಡಿದ್ದನ್ನು ಒಪ್ಪದವರು ಇರಬಹುದು, ಅದು ಒಂದು ನಿಲುವು ತೆಗೆದುಕೊಂಡ ಪದ. ಆದರೆ ಯಾವ ಪದ ಯಾಕೆ ಅಂತ ಓದುಗರಿಗೆ ಮೊದಲೇ ಗೊತ್ತಾಯಿತು.

ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಒಂದಿದೆ. ‘ನೇಣಿಗೆ ಶರಣು’, ‘ಸಾವಿಗೆ ಶರಣಾದ ವಿದ್ಯಾರ್ಥಿನಿ’. ಶರಣು ಅನ್ನುವುದು ಕನ್ನಡದಲ್ಲಿ ದೇವರ ಮುಂದೆ, ಗುರುವಿನ ಮುಂದೆ ಹೇಳುವ ಮಾತು. ಸೋತು ಸುಸ್ತಾದವರು ಆಸರೆ ಹುಡುಕಿ ಹೋಗುವ ಜಾಗ ಅದು. ಅದನ್ನು ತಂದು ಸಾವಿನ ಪಕ್ಕ ಇಟ್ಟರೆ ಸಾವೇ ಆಸರೆ ಅಂದಂತಾಗುತ್ತದೆ. ಬರೆದವರ ಮನಸ್ಸಿನಲ್ಲಿ ಅದು ಖಂಡಿತ ಇರುವುದಿಲ್ಲ, ರೂಢಿ ಅಷ್ಟೇ. ಆದರೆ ಅದನ್ನು ಓದುವವರಲ್ಲಿ ಅವತ್ತು ಬೆಳಿಗ್ಗೆ ಯಾರು ಯಾವ ಸ್ಥಿತಿಯಲ್ಲಿ ಇರುತ್ತಾರೋ ಯಾರಿಗೆ ಗೊತ್ತು? ಇಂಥ ಸಾವನ್ನು ಪರಿಹಾರದಂತೆ ತೋರಿಸುವ, ಸಹಜ ಅನಿಸುವಂತೆ ಮಾಡುವ ಪದಗಳನ್ನು ಬಳಸಬೇಡಿ, ತಲೆಬರಹದಲ್ಲಿ ರೋಚಕತೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮದವರಿಗೆ ಕೊಟ್ಟಿರುವ ಮಾರ್ಗಸೂಚಿಯಲ್ಲಿದೆ. 2019ರಲ್ಲಿ ಭಾರತೀಯ ಪತ್ರಿಕಾ ಮಂಡಳಿಯೂ ಅದನ್ನು ಆಧರಿಸಿ ನಿಯಮ ಹೊರಡಿಸಿದೆ. ಉಳಿದ ಪದಗಳ ಬಗ್ಗೆ ವಾದ ಮಾಡೋಣ, ನನ್ನ ಮಾತು ಪೂರ್ತಿ ಒಪ್ಪಬೇಕೆಂದಿಲ್ಲ. ‘ಶರಣು’ ಮಾತ್ರ ನಾಳೆಯ ಸಂಚಿಕೆಯಿಂದಲೇ ತೆಗೆಯಿರಿ.

ಇತಿ,
ನಿಮ್ಮ ಓದುಗ